ಕಾಯಿ ಎದ್ದು ನಿಂತ ಜಾಗ

(ಕುಣಿಗಲ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಮನುಷ್ಯರು ವಿವೇಕ ಬಿಟ್ಟು ಯಾಕೆ ಯೋಚಿಸುತ್ತಾರೆ, ಯಾಕೆ ಹಾಗೆ ನಡೆದುಕೊಳ್ಳುತ್ತಾರೆ, ಅದಕ್ಕೆ ತಡೆ ಹಾಕುವುದು ಹೇಗೆ ಎಂಬುದರ ಮೇಲೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಇಂಥ ವಿಷಯ ಸಿಕ್ಕಿದಾಗ ಊರವರ ತಪ್ಪುಗಳ ಪಟ್ಟಿ ಓದುವುದು ಸುಲಭ. ನಾನು ನಮ್ಮ ಮನೆಯಿಂದ ಶುರು ಮಾಡುತ್ತೇನೆ.

1996ರ ಬೇಸಿಗೆ. ಹುಲಿಯೂರುದುರ್ಗದ ಕಡೆಗಿರುವ ನಮ್ಮ ಊರಿನಲ್ಲಿ ತೆಂಗಿನ ಗರಿಗಳು ಜೋತುಬಿದ್ದಿದ್ದವು. ತಾತನ ಕಾಲದ ಬಾವಿಯ ತಳದಲ್ಲಿ ಕೆಸರೂ ಒಣಗಿ ಬಿರುಕು ಬಿಟ್ಟಿತ್ತು. ಬೋರು ಕೊರೆಸುವುದೆಂದು ಅಪ್ಪ ತೀರ್ಮಾನ ಮಾಡಿದರು. ಪಾಯಿಂಟ್ ನೋಡಲು ಪಕ್ಕದೂರಿನ ಒಬ್ಬ ಹಿರಿಯರನ್ನು ಕರೆಸಿದರು. ಅವರು ಬೆಳಗ್ಗೆ ಬಂದರು, ಕಾಫಿ ಸಹ ಕುಡಿಯದೆ ಕಾಲು ತೊಳೆದುಕೊಂಡು ತೋಟಕ್ಕಿಳಿದರು. ಸಿಪ್ಪೆ ಸುಲಿದು ಜುಟ್ಟು ಬಿಟ್ಟ ಒಂದು ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು ಹೆಜ್ಜೆ ಹೆಜ್ಜೆಯಾಗಿ ನಡೆದರು. ಹಿಂದೆ ಅಪ್ಪ, ಅಪ್ಪನ ಹಿಂದೆ ಅಣ್ಣ, ಕೊನೆಯಲ್ಲಿ ನಾನು. ಯಾರೂ ಮಾತಾಡುವಂತಿರಲಿಲ್ಲ. ಹುಣಸೆಮರ ದಾಟಿ ಬದುವಿನ ಹತ್ತಿರ ಬಂದಾಗ ಕಾಯಿ ಅಲುಗಿತು. ಜುಟ್ಟಿನ ಕಡೆ ನಿಧಾನವಾಗಿ ಮೇಲೆದ್ದಿತು. ನಮ್ಮ ಕಣ್ಣೆದುರೇ ಎದ್ದು ನಿಂತಿತು. ಅವರ ಮುಖದಲ್ಲಿ ಬೆವರು. "ಇಲ್ಲೇ ಗೌಡ್ರೇ. ಮುನ್ನೂರಡಿ ಒಳಗೆ ಮೂರಿಂಚು ನೀರು" ಎಂದರು. ಅಪ್ಪ ಅಲ್ಲಿ ಒಂದು ಕಲ್ಲಿಟ್ಟು ಸುಣ್ಣ ಬಳಿದರು.

ಅವರು ಮೋಸಗಾರರಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ತಾಂಬೂಲದ ಜೊತೆ ಇಟ್ಟ ಹಣವನ್ನು ಎಣಿಸದೆ ಜೇಬಿಗೆ ಹಾಕಿಕೊಂಡವರು ಅವರು. ತಮ್ಮ ಮನೆಯ ಬೋರಿಗೂ ಹೀಗೇ ಕಾಯಿ ಹಿಡಿದು ಜಾಗ ನೋಡಿದ್ದವರು.

ಲಾರಿ ರಾತ್ರಿ ಬಂತು, ತಮಿಳುನಾಡಿನ ತಿರುಚೆಂಗೋಡು ಕಡೆಯದು. ಊರಿಗೆ ಊರೇ ಎದ್ದು ಕೂರುವಂಥ ಸದ್ದು. ನೂರಡಿಗೆ ಬೂದುಬಣ್ಣದ ಧೂಳು, ಇನ್ನೂರಕ್ಕೂ ಧೂಳು, ಮುನ್ನೂರಕ್ಕೂ ಧೂಳೇ. ಮುನ್ನೂರರ ಕೆಳಗೆ ಅಡಿಯ ದರ ಏರುತ್ತದೆ, ಮುಂದೆ ಪ್ರತಿ ನೂರಕ್ಕೂ ಏರುತ್ತಾ ಹೋಗುತ್ತದೆ. ಲಾರಿಯವರು ನಿಲ್ಲಿಸಿ ಅಪ್ಪನ ಮುಖ ನೋಡಿದರು. "ಇಷ್ಟ್ ದೂರ ಬಂದಿದೀವಿ, ಇನ್ನೊಂದ್ ನೂರಡಿ ನೋಡೇಬಿಡಾನ" ಎಂದರು ಅಪ್ಪ. ನಾನೂರಕ್ಕೆ ಬಂದಾಗಲೂ ಅದೇ ಮಾತು. ಐನೂರು ಮುಟ್ಟಿದಾಗ ಕೈಯಲ್ಲಿದ್ದ ಹಣ ಮುಗಿದಿತ್ತು. ನಿಲ್ಲಿಸಿದ್ದು ಹಣ, ಅಪ್ಪನಲ್ಲ. ಬೆಳಗಾದಾಗ ಹುಣಸೆಮರದ ಎಲೆಗಳೆಲ್ಲ ಬೂದಿ ಎರಚಿದಂತಿದ್ದವು.

ಆಮೇಲಿನ ನಾಲ್ಕು ವರ್ಷಗಳಲ್ಲಿ ಇನ್ನೂ ಎರಡು ಬೋರು ಕೊರೆಸಿದೆವು. ಜಾಗ ತೋರಿಸಿದವರು ಅವರೇ. ಎರಡನೆಯದರಲ್ಲಿ ಒಂದೂವರೆ ಇಂಚು ನೀರು ಬಂತು, ಎರಡು ಬೇಸಿಗೆ ನಡೆಯಿತು. ಮೂರನೆಯದು ಒಣ. ಈಗ ನಮ್ಮೂರಲ್ಲಿ ಯಾರನ್ನಾದರೂ ಕೇಳಿ, "ಅವ್ರು ಕಾಯಿ ಹಿಡಿದ್ರೆ ತಪ್ಪಿದ್ದೇ ಇಲ್ಲ, ಆ ಗೌಡ್ರ ತೋಟದಲ್ಲಿ ನೀರು ಬಂತಲ್ಲ" ಎನ್ನುತ್ತಾರೆ. ಮೊದಲನೆಯದು? ಲಾರಿ ಕಲ್ಲಿಟ್ಟ ಜಾಗಕ್ಕಿಂತ ಮೂರಡಿ ಪಕ್ಕಕ್ಕೆ ನಿಂತಿತ್ತಂತೆ. ಮೂರನೆಯದು? ಮನೆಯಲ್ಲಿ ಸೂತಕವಿತ್ತಂತೆ.

ಅಪ್ಪ ದಡ್ಡರಲ್ಲ. ಅವರ ಹತ್ತಿರ ಉದ್ದನೆಯ, ಕೆಂಪು ಬಟ್ಟೆಯ ಹೊದಿಕೆಯ ಒಂದು ಲೆಕ್ಕದ ಪುಸ್ತಕವಿತ್ತು. ಯಾವ ತಿಂಗಳಲ್ಲಿ ಎಷ್ಟು ಕಾಯಿ ಕಿತ್ತೆವು, ಅದರಲ್ಲಿ ಎಷ್ಟು ಕಾಯಿ ಕೊಬ್ಬರಿಗೆಂದು ಅಟ್ಟಕ್ಕೆ ಹೋಯಿತು, ತಿಪಟೂರಿನಲ್ಲಿ ಆ ವಾರ ಕ್ವಿಂಟಲ್‌ಗೆ ಏನು ಬೆಲೆ, ಎಲ್ಲವೂ ಅದರಲ್ಲಿದೆ. ಅಟ್ಟದಲ್ಲಿ ಕೊಳೆತ ಕಾಯಿಯ ಲೆಕ್ಕವೂ ಇದೆ. ಅವರು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಆ ಪುಸ್ತಕವನ್ನು ಹಾಳೆ ಹಾಳೆಯಾಗಿ ನೋಡಿದೆ. ಎರಡನೆಯ ಬೋರಿಗೆ ಪೂರ್ತಿ ಒಂದು ಪುಟ ಇತ್ತು. ಎಷ್ಟನೇ ಅಡಿಗೆ ನೀರು ಸಿಕ್ಕಿತು, ಕೇಸಿಂಗ್ ಎಷ್ಟು, ಮೋಟಾರು ಎಷ್ಟು ಎಚ್‌ಪಿ, ಅಂದು ಊರಿಗೆ ಹಂಚಿದ ಪಾನಕಕ್ಕೆ ಎಷ್ಟು ಬೆಲ್ಲ. ಮೊದಲನೆಯದನ್ನೂ ಮೂರನೆಯದನ್ನೂ ಹುಡುಕಿದೆ. ಸಿಗಲಿಲ್ಲ. ಆಯಾ ವರ್ಷದ ಕೊನೆಯಲ್ಲಿ "ಇತರೆ ಖರ್ಚು" ಎಂಬ ಒಂದು ದೊಡ್ಡ ಮೊತ್ತ ಮಾತ್ರ ಇತ್ತು.

ಕೊಳೆತ ಕಾಯಿಗೂ ಸಾಲು ಬರೆದ ಕೈ ಒಣಗಿದ ಬೋರಿಗೆ ಸಾಲು ಬರೆಯಲಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಈ ಒಂದೇ ಸಂಗತಿ. ನಾವು ಲೆಕ್ಕ ಬಾರದ ಜನ ಅಲ್ಲ. ಕೆಲವು ಲೆಕ್ಕಗಳನ್ನು ಬರೆಯದೆ ಬಿಡುವ ಜನ.

ನಮ್ಮ ನೆಲದ ವಿಷಯಕ್ಕೆ ಬರುತ್ತೇನೆ. ಈ ಭಾಗದ ನೆಲದಡಿ ಇರುವುದು ಗಟ್ಟಿ ಬಂಡೆ. ಮರಳಿನಲ್ಲಿ ನಿಲ್ಲುವಂತೆ ಬಂಡೆಯಲ್ಲಿ ನೀರು ಎಲ್ಲ ಕಡೆ ನಿಲ್ಲುವುದಿಲ್ಲ. ಮೇಲಿನ ಪದರ ಶಿಥಿಲವಾದಲ್ಲಿ, ಕೆಳಗೆ ಬಿರುಕುಗಳಿದ್ದಲ್ಲಿ ಮಳೆನೀರು ಇಳಿದು ಕೂರುತ್ತದೆ. ಒಂದು ಬಿರುಕಿಗೆ ತಾಗಿದರೆ ನೀರು, ನಾಲ್ಕಡಿ ಆಚೆ ಹೋದರೆ ಧೂಳು. ಹಾಗೆಂದು ಬಿರುಕುಗಳೇನೂ ಅಪರೂಪವಲ್ಲ. ಕಣ್ಣುಮುಚ್ಚಿ ಕಲ್ಲೆಸೆದು, ಅದು ಬಿದ್ದಲ್ಲಿ ಕೊರೆಸಿದರೂ ಕೆಲವು ಬೋರುಗಳಲ್ಲಿ ನೀರು ಬಂದೇ ಬರುತ್ತದೆ. ಕಾಯಿ ಹಿಡಿದು ನಡೆದವರಿಗೆ ಸಿಗುವ ಗೆಲುವೂ ಅಷ್ಟೇ ಇರಬಹುದು. ಅದು ಕಾಯಿಯ ಗೆಲುವೋ ನೆಲದ ಗೆಲುವೋ ಎಂದು ತಿಳಿಯಬೇಕಾದರೆ ಕಾಯಿ ಎದ್ದು ನಿಂತೂ ಒಣಗಿದ ಬೋರುಗಳನ್ನೂ, ಕಾಯಿಯೇ ಇಲ್ಲದೆ ನೀರು ಸಿಕ್ಕ ಬೋರುಗಳನ್ನೂ ಎಣಿಸಬೇಕು. ಆ ಸಾಲುಗಳು ಯಾರ ಪುಸ್ತಕದಲ್ಲೂ ಇಲ್ಲ.

ಇದನ್ನು ಹೇಳಲು ನಾವು ವಿಲಾಯಿತಿಗೆ ಹೋಗಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ತರ್ಕಶಾಸ್ತ್ರಕ್ಕೆ ಹೆಸರಾದ ಪಂಡಿತರೊಬ್ಬರಿದ್ದರು. ಅವರ ಹೆಸರಿನ ಮುಂದೆ ಈ ಊರಿನ ಹೆಸರಿದೆ: ಕುಣಿಗಲ್ ರಾಮಶಾಸ್ತ್ರಿಗಳು. ನ್ಯಾಯಶಾಸ್ತ್ರದಲ್ಲಿ ‘ಶತಕೋಟಿ’ ಎಂಬ ಕಠಿಣ ಗ್ರಂಥ ಬರೆದವರು. ಅದನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ ನನಗಿಲ್ಲ. ಆದರೆ ಅವರ ಶಾಸ್ತ್ರದ ಮೊದಲ ಪಾಠಗಳಲ್ಲೇ ಬರುವ ಒಂದು ಮಾತು ನಮಗೆ ಸಾಕು. ಸರಿಯಾದ ಕಾರಣದಂತೆ ತೋರಿ ಕಾರಣವಲ್ಲದಿರುವುದನ್ನು ತಾರ್ಕಿಕರು ‘ಹೇತ್ವಾಭಾಸ’ ಎನ್ನುತ್ತಾರೆ. ಅದರಲ್ಲಿ ಐದು ಬಗೆ. ಮೊದಲನೆಯದು ‘ಸವ್ಯಭಿಚಾರ’, ಅಂದರೆ ಸಾಧಿಸಬೇಕಾದದ್ದು ಇಲ್ಲದ ಕಡೆಯಲ್ಲೂ ಕಾಣಿಸಿಕೊಳ್ಳುವ ಕಾರಣ. ಹೊಗೆ ಇದ್ದರೆ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದ್ದರೆ ಹೊಗೆ ಇದೆ ಎನ್ನಲಾಗದು, ಕಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ನೀರಿಲ್ಲದ ಕಡೆಯೂ ಎದ್ದು ನಿಲ್ಲುವ ಕಾಯಿ ನೀರಿಗೆ ಸಾಕ್ಷಿಯಾಗುವುದು ಹೇಗೆ? ಕಾಗೆ ಕೂತಾಗಲೇ ತಾಳೆಹಣ್ಣು ಬಿದ್ದರೆ ನಮ್ಮ ಹಿರಿಯರು ಅದನ್ನು ‘ಕಾಕತಾಳೀಯ’ ಎಂದರು, ಕಾಗೆಗೆ ಪೂಜೆ ಮಾಡಲಿಲ್ಲ. ಇಷ್ಟು ಚೂಪಾದ ಮಾತುಗಳನ್ನು ಪಾಠಶಾಲೆಗಳಲ್ಲಿ ಬಿಟ್ಟು ನಾವು ತೋಟಕ್ಕೆ ಬರಿಗೈಯಲ್ಲಿ ಬಂದಿದ್ದೇವೆ ಎನ್ನುವುದು ನನ್ನ ದುಃಖ.

ಈ ಊರಿನ ಕೆರೆ ಹಾಡಿನಿಂದಲೇ ನಾಡಿಗೆಲ್ಲ ಗೊತ್ತು. ಅದರ ದಡದ ಹತ್ತಿರ ನಿಂತು ಕೆರೆಯ ಇನ್ನೊಂದು ಹಾಡನ್ನು ನೆನೆಯದಿರಲು ನನಗೆ ಸಾಧ್ಯವಿಲ್ಲ. ಉತ್ತರ ಕರ್ನಾಟಕದ ‘ಕೆರೆಗೆ ಹಾರ’. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಜೋಯಿಸರನ್ನು ಕೇಳುತ್ತಾನೆ. ಸೊಸೆಯನ್ನು ಬಲಿ ಕೊಡಬೇಕೆಂಬ ಮಾತು ಬರುತ್ತದೆ. ಕಿರಿಯ ಸೊಸೆ ಭಾಗೀರಥಿ ಹೋಗುತ್ತಾಳೆ, ನೀರು ಬರುತ್ತದೆ. ಎಷ್ಟು ಬಾರಿ ಓದಿದರೂ ಗಂಟಲು ಕಟ್ಟುವ ಹಾಡು ಅದು. ವಿಜ್ಞಾನದ ಮೇಷ್ಟ್ರಾಗಿ ನನಗೆ ಅಲ್ಲಿ ಕಾಣುವುದು ಹಾಡಿನೊಳಗೆ ಬಾರದ ಕೆರೆಗಳು. ಸೊಸೆ ಹೋದಳು, ಆದರೂ ನೀರು ಬರಲಿಲ್ಲ ಎಂಬ ಕೆರೆಯ ಮೇಲೆ ಹಾಡು ಕಟ್ಟುವವರಾರು? ಯಾರನ್ನೂ ಕಳಿಸದೆ ಸುಮ್ಮನೆ ಮುಂದಿನ ಮಳೆಗೆ ತುಂಬಿದ ಕೆರೆಗೂ ಹಾಡಿಲ್ಲ. ನೀರು ಬಂದ ಕತೆ ಉಳಿಯುತ್ತದೆ, ಬಾರದ ಕತೆ ಮಣ್ಣಾಗುತ್ತದೆ. ನಂಬಿಕೆ ಬೆಳೆಯುವುದು ಈ ಉಳಿದ ಕತೆಗಳ ಗೊಬ್ಬರದಲ್ಲಿ.

ಹಾಗಾದರೆ ಕಾಯಿ ಎದ್ದದ್ದು ಸುಳ್ಳೇ? ಸುಳ್ಳಲ್ಲ, ನಾನೇ ನೋಡಿದ್ದೇನೆ. ಆ ದಿನ ಅವರು ಹೋದ ಮೇಲೆ ಅದೇ ಕಾಯಿಯನ್ನು ನನ್ನ ಅಂಗೈ ಮೇಲೆ ಮಲಗಿಸಿಕೊಂಡು ನಡೆದೆ. ಸುಣ್ಣದ ಕಲ್ಲಿನ ಹತ್ತಿರ ಬಂದಾಗ, ತಾಯಾಣೆಗೂ, ಕಾಯಿ ಎದ್ದಿತು. ಕೈಗೆ ಜುಮ್ಮೆಂದಿತು. ಓಡಿಹೋಗಿ ಅಣ್ಣನಿಗೆ ಹೇಳಿದೆ. ಅವನು ನನ್ನ ಕಣ್ಣಿಗೆ ಟವೆಲ್ ಕಟ್ಟಿ, ಎರಡು ಸುತ್ತು ತಿರುಗಿಸಿ, "ಈಗ ನಡಿ" ಎಂದ. ಕಾಯಿ ಮತ್ತೆ ಎದ್ದಿತು. ಟವೆಲ್ ಬಿಚ್ಚಿ ನೋಡಿದರೆ ದನದ ಕೊಟ್ಟಿಗೆಯ ಹಿಂದೆ ನಿಂತಿದ್ದೆ. ಕಲ್ಲು ಇನ್ನೊಂದು ದಿಕ್ಕಿನಲ್ಲಿತ್ತು.

ಅದು ಏನೆಂದು ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. 1853ರಲ್ಲಿ ಲಂಡನ್ನಿನಲ್ಲಿ ಮೇಜಿನ ಸುತ್ತ ಕೂತು ಕೈಯಿಟ್ಟರೆ ಆತ್ಮಗಳು ಬಂದು ಮೇಜನ್ನು ತಿರುಗಿಸುತ್ತವೆ ಎಂಬ ಹುಚ್ಚು ಹಬ್ಬಿತ್ತು. ವಿದ್ಯುತ್ತಿನ ನಿಯಮಗಳನ್ನು ಕಂಡುಹಿಡಿದ ಮೈಕೇಲ್ ಫ್ಯಾರಡೆ, ಕೈಗೂ ಮೇಜಿಗೂ ನಡುವೆ ಜಾರುವ ಹಲಗೆಗಳನ್ನಿಟ್ಟು, ಮೊದಲು ಚಲಿಸುವುದು ಮೇಜೋ ಕೈಯೋ ಎಂದು ನೋಡಿದರು. ಚಲಿಸಿದ್ದು ಕೈ. ಕೂತವರು ಬೇಕೆಂದು ತಳ್ಳಿರಲಿಲ್ಲ. ಏನಾಗಬೇಕೆಂದು ಮನಸ್ಸು ಕಾದಿರುತ್ತದೋ ಅದರ ಕಡೆಗೆ ಸ್ನಾಯುಗಳು ನಮಗೆ ತಿಳಿಸದೆ ಹೊರಡುತ್ತವೆ. ಗುಂಡಗಿನ ಕಾಯಿ, ನಡೆಯುವ ಮನುಷ್ಯ, ಕೂದಲೆಳೆಯಷ್ಟು ಓರೆಯಾದ ಅಂಗೈ, ಇಷ್ಟು ಸಾಕು. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ನೀರು ಹುಡುಕುವ ಈ ವಿದ್ಯೆಯ ದೊಡ್ಡ ಪರೀಕ್ಷೆಯೇ ನಡೆಯಿತು. ಎರಡಂತಸ್ತಿನ ಕಣಜವೊಂದರ ಕೆಳಗಡೆ ನೀರಿನ ಕೊಳವೆಯನ್ನು ಜಾಗ ಬದಲಿಸುತ್ತಾ ಇಟ್ಟು, ಮೇಲ್ಮಹಡಿಯಲ್ಲಿ ಕವೆಕಡ್ಡಿ ಹಿಡಿದ ಜಲಶೋಧಕರನ್ನು ನಡೆಸಿದರು. ಮೊದಲ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದವರೆಂದು ಆರಿಸಿದ 43 ಮಂದಿ ನೂರಾರು ಸಲ ನಡೆದರು. ಕೆಲವರಿಗೆ ಶಕ್ತಿ ಇದೆ ಎಂದೇ ಪರೀಕ್ಷೆ ನಡೆಸಿದವರು ಹೇಳಿದರು. ಅಂಕಿಗಳನ್ನು ಮತ್ತೆ ಜಾಲಾಡಿದ ಅಮೆರಿಕದ ವಿಜ್ಞಾನಿಯೊಬ್ಬರು 1999ರಲ್ಲಿ ತೋರಿಸಿಕೊಟ್ಟಂತೆ ಅಲ್ಲಿ ಅದೃಷ್ಟಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಚೆನ್ನಾಗಿ ಬಂದ ಕೆಲವರ ಫಲವನ್ನು ಮಾತ್ರ ಎತ್ತಿ ಹಿಡಿಯಲಾಗಿತ್ತು. ನೋಡಿ, ವಿಜ್ಞಾನಿಗಳ ಪುಸ್ತಕದಲ್ಲೂ "ಇತರೆ ಖರ್ಚು" ಇರುತ್ತದೆ.

ಈಗ ಹಿಂದಿನ ಸಾಲುಗಳಲ್ಲಿ ಕುಳಿತಿರುವ ಕಾಲೇಜಿನ ಮಕ್ಕಳಿಗೆ ಒಂದು ಆಟ. ನನ್ನ ಮನಸ್ಸಿನಲ್ಲಿ ಒಂದು ನಿಯಮವಿದೆ. 2, 4, 6 ಆ ನಿಯಮಕ್ಕೆ ಹೊಂದುತ್ತದೆ. ನೀವು ಮೂರು ಮೂರು ಸಂಖ್ಯೆ ಹೇಳಿ, ಹೊಂದುತ್ತದೋ ಇಲ್ಲವೋ ಎಂದು ನಾನು ಹೇಳುತ್ತೇನೆ. (ಸಭೆಯಿಂದ 8, 10, 12 ಎಂದು ಬಂತು, 20, 22, 24 ಬಂತು, ಕೊನೆಗೆ 100, 102, 104. ಎಲ್ಲಕ್ಕೂ ಹೌದು ಎಂದೆ. ಎರಡೆರಡು ಕೂಡುತ್ತಾ ಹೋಗುವುದೇ ನಿಯಮ ಎಂದು ಹಲವರು ಒಟ್ಟಿಗೆ ಕೂಗಿದರು.) ಅಲ್ಲ. ನನ್ನ ನಿಯಮ, ಏರುತ್ತಾ ಹೋಗುವ ಯಾವ ಮೂರು ಸಂಖ್ಯೆಯಾದರೂ ಸರಿ. 1, 7, 500 ಸಹ ಹೊಂದುತ್ತದೆ. ಪೀಟರ್ ವೇಸನ್ ಎಂಬ ಮನಃಶಾಸ್ತ್ರಜ್ಞರು 1960ರಲ್ಲಿ ಲಂಡನ್ನಿನ ವಿದ್ಯಾರ್ಥಿಗಳ ಮುಂದೆ ಇದನ್ನಿಟ್ಟಾಗ ಹೆಚ್ಚಿನವರು ನಿಮ್ಮಂತೆಯೇ ಎಡವಿದರು. ಹೌದು ಎನ್ನಿಸಿಕೊಳ್ಳುವ ಸಂಖ್ಯೆಗಳನ್ನೇ ಅವರು ಕೊಟ್ಟರು. "ಅಲ್ಲ" ಎಂಬ ಉತ್ತರ ಬರಲೆಂದು, ತಮ್ಮ ಊಹೆಗೆ ಹೊಂದದ 1, 7, 500ರಂಥದ್ದನ್ನು ಕೇಳಿ ನೋಡಿದ್ದರೆ ಒಂದೇ ಕ್ಷಣದಲ್ಲಿ ದಾರಿ ತೆರೆಯುತ್ತಿತ್ತು. "ಅಲ್ಲ" ಎನ್ನಿಸಿಕೊಳ್ಳಲು ಮನಸ್ಸು ಹೋಗುವುದೇ ಇಲ್ಲ. ಶಾಲೆಯಲ್ಲಿ ನಾವು, ನಾನೂ ಸೇರಿದಂತೆ, ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆದು ಎಳೆದು ಆ ಭಯವನ್ನು ಇನ್ನಷ್ಟು ಗಟ್ಟಿ ಮಾಡಿದ್ದೇವೆ.

ಆದರೆ ಮನಸ್ಸಿನ ರಚನೆಯನ್ನಷ್ಟೇ ದೂರಿದರೆ ಅರ್ಧ ಮಾತು ಹೇಳಿದಂತೆ. ಹಾಲು ಕರೆಯಲು ಯಾರೂ ಕಾಯಿ ಹಿಡಿಯುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿದ್ದರೆ ಬಿಂದಿಗೆ ಇಡಲು ಪಂಚಾಂಗ ನೋಡುವುದಿಲ್ಲ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ವರ್ಷಗಟ್ಟಲೆ ಇದ್ದ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ ಇದನ್ನೇ ಕಂಡರು. ದಡದೊಳಗಿನ ಶಾಂತವಾದ ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿನ ಬೆಸ್ತರಿಗೆ ಮಂತ್ರ ಬೇಕಿರಲಿಲ್ಲ. ತೆರೆದ ಕಡಲಿಗೆ, ಜೀವಕ್ಕೆ ಅಪಾಯವಿರುವ ಕಡೆಗೆ ಹೊರಟಾಗ ಮಂತ್ರದ ವಿಧಿಗಳೆಲ್ಲ ಬೇಕಾಗುತ್ತಿದ್ದವು. ಕೈಯಲ್ಲಿಲ್ಲದ್ದರ ಮುಂದೆ ಮನುಷ್ಯ ಏನಾದರೂ ಮಾಡಬೇಕು, ಸುಮ್ಮನೆ ಕೂರಲಾರ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕತ್ತಿನವರೆಗೆ ತಿಪ್ಪೆಮಣ್ಣಿನಲ್ಲಿ ಹೂತಿಟ್ಟಿದ್ದರು, ಗ್ರಹಣ ಮುಗಿದಾಗ ಕೈಕಾಲು ಸರಿಹೋಗುತ್ತದೆ ಎಂದು. ಟಿ.ವಿ.ಯಲ್ಲಿ ಆ ಪುಟ್ಟ ಮುಖಗಳನ್ನು ನೋಡಿದವರಲ್ಲಿ ಹಲವರು ಆ ತಾಯಂದಿರನ್ನು ಮೂಢರೆಂದು ಬೈದರು. ನನಗೆ ಬೈಯಲಾಗಲಿಲ್ಲ. ನಡೆಯಲಾರದ ಮಗುವನ್ನು ಸೊಂಟದ ಮೇಲೆ ಹೊತ್ತು ವರ್ಷಗಳು ಕಳೆದ ತಾಯಿಗೆ ಯಾರೋ "ಒಂದು ದಾರಿ ಇದೆ" ಎಂದರೆ ಅದು ಎಂಥ ಮಾತು! ಆ ಮಕ್ಕಳಿಗೆ ಹತ್ತಿರದಲ್ಲೇ ಫಿಸಿಯೋಥೆರಪಿ, ಹೇಳಿಕೊಡುವ ಒಬ್ಬ ಶಿಕ್ಷಕಿ, ಗಾಲಿಕುರ್ಚಿ, ಮನೆಗೆ ಬಂದು ಸತ್ಯವನ್ನು ಮೆಲ್ಲಗೆ ಹೇಳುವ ಒಬ್ಬ ವೈದ್ಯ ಸಿಕ್ಕಿದರೆ ತಿಪ್ಪೆಯ ಗುಂಡಿ ತಾನಾಗಿ ಮುಚ್ಚುತ್ತದೆ. ಬೇರೆ ಆಸರೆ ಕೊಡದೆ ಇರುವ ಆಸರೆ ಕಿತ್ತುಕೊಳ್ಳುವುದು ವಿಚಾರವಂತಿಕೆಯಲ್ಲ.

ಹಾಗೆಂದು ಎಲ್ಲವನ್ನೂ ಮರುಗುತ್ತಾ ಬಿಟ್ಟುಬಿಡಲಾಗುವುದಿಲ್ಲ. ಒಬ್ಬನ ತಪ್ಪು ನಂಬಿಕೆ ಅವನ ಹಣ ತಿನ್ನುತ್ತದೆ, ಗುಂಪಿನ ತಪ್ಪು ನಂಬಿಕೆ ಇನ್ನೊಬ್ಬನ ಪ್ರಾಣ ತಿನ್ನುತ್ತದೆ. 1995ರ ಸೆಪ್ಟೆಂಬರ್ 21ರಂದು ಗಣೇಶನ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂದು ದೇಶವೆಲ್ಲ ಚಮಚ ಹಿಡಿದು ಸಾಲು ನಿಂತಿತು. ಹಾಲಿಗೆ ಬಣ್ಣ ಬೆರೆಸಿ ಹಿಡಿದಾಗ ಅದು ಕಲ್ಲಿನ ಮೈಮೇಲೆ ತೆಳುವಾಗಿ ಇಳಿದುಹೋಗುವುದು ಕಾಣಿಸಿತು. ಅಲ್ಲಿ ಹೋದದ್ದು ಹಾಲು ಮಾತ್ರ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿ, ಸಾವಿರಾರು ಯುವಕ ಯುವತಿಯರು ಬೆಂಗಳೂರಿನ ನಿಲ್ದಾಣದಿಂದ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಒಟ್ಟಾಗಿ ಕಳಿಸುವ ಎಸ್‌ಎಂಎಸ್‌ಗಳಿಗೆ ಕೇಂದ್ರ ಸರ್ಕಾರ 15 ದಿನ ನಿರ್ಬಂಧ ಹಾಕಿತು. ಆ ಮಕ್ಕಳು ವಿವೇಕ ಕಳೆದುಕೊಂಡರು ಎಂದು ನಾನು ಹೇಳುವುದಿಲ್ಲ. ಅಪರಿಚಿತ ಊರಿನಲ್ಲಿ, ನಿಜ ತಿಳಿಯುವ ದಾರಿಯಿಲ್ಲದಾಗ, ಹೊರಟುಬಿಡುವುದೇ ವಿವೇಕ. ವಿವೇಕ ತಪ್ಪಿದ್ದು ಪರೀಕ್ಷಿಸದೆ ಮುಂದಕ್ಕೆ ಕಳಿಸಿದ ಬೆರಳುಗಳಲ್ಲಿ.

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ. 2018ರ ಜುಲೈ 13. ಹೈದರಾಬಾದ್ ಕಡೆಯಿಂದ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಆ್ಯಪ್ ಸಂದೇಶಗಳು ತಿಂಗಳುಗಳಿಂದ ಓಡಾಡುತ್ತಿದ್ದವು. ಅನುಮಾನ ಎದ್ದಿತು, ಫೋನಿನಿಂದ ಫೋನಿಗೆ ಹಾರಿತು. ಮುರ್ಕಿಯಲ್ಲಿ ಜನ ರಸ್ತೆಗೆ ಅಡ್ಡ ಹಾಕಿ ಕಾದರು. ಕಾರು ಉರುಳಿತು. ಕಲ್ಲು, ದೊಣ್ಣೆ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಒಬ್ಬ ಯುವ ಇಂಜಿನಿಯರ್ ಸತ್ತ. ಒಂದು ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಕಳಿಸದಂತೆ ವಾಟ್ಸ್ಆ್ಯಪ್ ಅದೇ ತಿಂಗಳು ಮಿತಿ ಹಾಕಿತು. ಆ ಗುಂಪಿನಲ್ಲಿದ್ದವರೆಲ್ಲ ರಾಕ್ಷಸರಾಗಿದ್ದರೇ? ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ಅವರು ತಿಳಿದಿದ್ದರು. "ಯಾವ ಊರಿನ ಯಾವ ಮಗು ಕಾಣೆಯಾಗಿದೆ?" ಎಂಬ ಒಂದು ಪ್ರಶ್ನೆ ಅಷ್ಟು ಬಾಯಿಗಳಲ್ಲಿ ಒಂದರಿಂದಾದರೂ ಗಟ್ಟಿಯಾಗಿ ಬಂದಿದ್ದರೆ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಒಂದು ಬಾಯಿ ಸಾಕು ಎನ್ನುವುದಕ್ಕೆ ಆಧಾರವಿದೆ. 1951ರಲ್ಲಿ ಸಾಲೊಮನ್ ಆಶ್ ಎಂಬುವರು ಕೆಲವು ಗೆರೆಗಳನ್ನು ತೋರಿಸಿ ಯಾವುದು ಯಾವುದಕ್ಕೆ ಸಮ ಎಂದು ಕೇಳಿದರು. ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಕಣ್ಣಿಗೆ ರಾಚುವಂಥ ತಪ್ಪು ಉತ್ತರ ಕೊಟ್ಟಾಗ, ಏನೂ ತಿಳಿಯದ ಪಾಪದವನು ಅನೇಕ ಸಲ ಅದೇ ತಪ್ಪನ್ನು ಹೇಳಿದ. ಆದರೆ ಗುಂಪಿನಲ್ಲಿ ಇನ್ನೊಬ್ಬ ಮಾತ್ರ ಸರಿ ಉತ್ತರ ಹೇಳಿದಾಗ ಆ ಒತ್ತಡ ಬಹುಪಾಲು ಇಳಿದುಹೋಯಿತು.

ಆ ಒಂದು ಬಾಯಿಯ ಕೆಲಸವನ್ನು ಕನ್ನಡ ನಾಡಿನಲ್ಲಿ ಮಾಡಿದವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದುಬಂದು ನ್ಯಾಷನಲ್ ಹೈಸ್ಕೂಲ್ ಸೇರಿದ ಹುಡುಗ. ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಉಳಿದವರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರಿಶೀಲಿಸಲು ಅವರೊಂದು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಪಾಂಡವಪುರದಲ್ಲಿ ಒಬ್ಬ ಪುಟ್ಟ ಬಾಲಕ ಶೂನ್ಯದಿಂದ ವಿಭೂತಿ ತೆಗೆಯುತ್ತಾನೆಂದು ಜನ ಸೇರುತ್ತಿದ್ದಾಗ ಸಮಿತಿಯವರು ಹೋಗಿ ನೋಡಿ, ವಿಭೂತಿ ಬಟ್ಟೆಯೊಳಗಿನಿಂದ ಬರುತ್ತಿದೆ ಎಂದು ತೋರಿಸಿದರು.

ಅವರಲ್ಲಿ ನನಗೆ ಹಿಡಿಸಿದ್ದು ಧೈರ್ಯಕ್ಕಿಂತ ಅವರ ಕ್ರಮ. ನಿಮ್ಮ ದೇವರು ಸುಳ್ಳು ಎಂದು ಅವರು ಪತ್ರ ಬರೆಯಲಿಲ್ಲ. ಇಂಥ ಷರತ್ತುಗಳಲ್ಲಿ ತೋರಿಸಬಹುದೇ ಎಂದು ಕೇಳಿದರು. ನೋಡುವುದಕ್ಕೆ ಮೊದಲೇ ಏನು ನೋಡಿದರೆ ಒಪ್ಪುತ್ತೇವೆ, ಏನಾದರೆ ಒಪ್ಪುವುದಿಲ್ಲ ಎಂದು ಎರಡೂ ಕಡೆಯವರು ಮಾತಾಡಿಕೊಳ್ಳಬೇಕು. ಅದಾದ ಮೇಲೆ "ಲಾರಿ ಮೂರಡಿ ಪಕ್ಕಕ್ಕೆ ನಿಂತಿತ್ತು" ಎನ್ನಲು ಜಾಗವಿರುವುದಿಲ್ಲ. ಅದೇ 1976ರಲ್ಲಿ ಸಂವಿಧಾನಕ್ಕೆ 42ನೇ ತಿದ್ದುಪಡಿಯಾಗಿ, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯವೆಂದು 51ಎ ವಿಧಿಯಲ್ಲಿ ಸೇರಿತು. ಬರೆದುಕೊಟ್ಟದ್ದು ಸಂವಿಧಾನ, ಬದುಕಿ ತೋರಿಸಿದ್ದು ನರಸಿಂಹಯ್ಯನವರು. ಹಾಗೆ ಪ್ರಶ್ನೆ ಕೇಳುವುದು ಈಚೆಗೆ ಇನ್ನೂ ದುಬಾರಿಯಾಗಿದೆ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ವಚನಗಳನ್ನು ಜೀವಮಾನವಿಡೀ ಓದಿದ ವಿದ್ವಾಂಸರಿಗೆ ಈ ಗತಿ ಬಂದದ್ದನ್ನು ಈ ಸಭೆಯಲ್ಲಿ ಹೇಳದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ.

2017ರಲ್ಲಿ ನಮ್ಮ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯ್ದೆ ಮಾಡಿತು. ಮಾಡಬೇಕಾದದ್ದೇ. ಆದರೆ ಅಂಗೈ ಮೇಲಿನ ಕಾಯಿಗೆ ಕಾಯ್ದೆ ತರಲಾಗದು, ತರಲೂಬಾರದು. ಭಕ್ತಿಯ ಮೇಲೂ ನನ್ನ ಜಗಳವಿಲ್ಲ. ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರರ ಗದ್ದುಗೆಯ ಮುಂದೆ ನಾನೂ ಕೈಮುಗಿದು ನಿಂತಿದ್ದೇನೆ. 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ಕೊಟ್ಟ ಆ ಯತಿಗಳು ಇದೇ ತಾಲ್ಲೂಕಿನ ನೆಲದಲ್ಲಿ ತಪಸ್ಸಿಗೆ ಕೂತವರು. ಮನಸ್ಸಿನ ಶಾಂತಿಗೆ ಕೈಮುಗಿಯುವುದು ಒಂದು. ನೆಲದಡಿ ಎಷ್ಟನೇ ಅಡಿಗೆ ನೀರಿದೆ ಎನ್ನುವುದು ಇನ್ನೊಂದು, ಅದು ನೋಡಿ ತಿಳಿಯುವ ಸಂಗತಿ. ನೋಡಿ ತಿಳಿಯುವ ಸಂಗತಿಯಲ್ಲಿ ನೋಡದೆ ಇರಬಾರದು.

ಮಕ್ಕಳು ಕೇಳಬಹುದು, ನಾವು ಏನು ಮಾಡಬೇಕು ಎಂದು. ನನಗೆ ಗೊತ್ತಿರುವುದು ಒಂದೇ ಅಭ್ಯಾಸ, ಅದನ್ನೂ ನಾನು ಕಲಿತದ್ದು ತಡವಾಗಿ. ಮೊದಲೇ ಬರೆದಿಡಿ. ಔಷಧ ಶುರು ಮಾಡುವ ಮುನ್ನ, ಚೀಟಿಗೆ ಹಣ ಕಟ್ಟುವ ಮುನ್ನ, ಒಬ್ಬರನ್ನು ಕೆಟ್ಟವರೆಂದು ತೀರ್ಮಾನಿಸುವ ಮುನ್ನ, ಏನಾದರೆ ನಾನು ತಪ್ಪೆಂದು ಒಪ್ಪುತ್ತೇನೆ ಎಂಬುದನ್ನು ದಿನಾಂಕ ಹಾಕಿ ಒಂದು ಸಾಲು ಬರೆಯಿರಿ. ನೆನಪನ್ನು ನಂಬಬೇಡಿ, ನೆನಪು ಯಾವಾಗಲೂ ನಮ್ಮ ಪಕ್ಷ. ಬರೆದ ಚೀಟಿಯನ್ನು ನಿಮ್ಮನ್ನು ಪ್ರೀತಿಸುವ, ಆದರೆ ನಿಮಗೆ ಹೆದರದ ಒಬ್ಬರ ಕೈಗೆ ಕೊಡಿ.

ಹೋದ ವರ್ಷ ಅಣ್ಣ ಮತ್ತೆ ಬೋರಿನ ಮಾತೆತ್ತಿದ. ಈ ಸಲ ಭೂವಿಜ್ಞಾನ ಓದಿದವರೊಬ್ಬರನ್ನು ಕರೆಸಿದೆವು. ಅವರು ನೆಲದಲ್ಲಿ ಕಬ್ಬಿಣದ ಗೂಟಗಳನ್ನು ನೆಟ್ಟು ಕರೆಂಟು ಹರಿಸಿ, ಬಂಡೆ ಎಷ್ಟು ತಡೆ ಒಡ್ಡುತ್ತದೆಂದು ಮೀಟರಿನಲ್ಲಿ ನೋಡಿದರು. ಅರ್ಧ ದಿನ ಲೆಕ್ಕ ಹಾಕಿ, ಹಳೆಯ ಬಾವಿಯ ತೆಂಕಣ ಮೂಲೆ ತೋರಿಸಿ, "ಇಲ್ಲಿ ಇರಬಹುದು. ಖಚಿತವಾಗಿ ಹೇಳಲಾರೆ. 450 ಅಡಿಯ ಕೆಳಗೆ ಹೋಗಬೇಡಿ" ಎಂದರು. ಅಣ್ಣನಿಗೆ ಸಿಟ್ಟು ಬಂತು. "ಕಾಯಿ ಹಿಡಿಯೋರು ಒಂದೇ ಮಾತು ಹೇಳ್ತಾರೆ. ಇಷ್ಟು ಓದಿ ಇವ್ರು ಇರಬಹುದು ಅಂತಾರಲ್ಲೋ!" ಎಂದ. ಆ ರಾತ್ರಿ ಜಗಲಿಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದೆವು. ಕೊನೆಗೆ ಅವನೇ ಒಂದು ಚೀಟಿ ಹರಿದು ಬರೆದ: "450 ಅಡಿ. ಅದರ ಕೆಳಗೆ ಬೇಡ." ಸಹಿ ಹಾಕಿ ಅತ್ತಿಗೆಯ ಕೈಗೆ ಕೊಟ್ಟ.

ಲಾರಿ ಬಂತು. 450ಕ್ಕೆ ಬಂದಾಗ ಮಧ್ಯರಾತ್ರಿ ಕಳೆದಿತ್ತು. ಧೂಳು. ಇನ್ನೊಂದು ಐವತ್ತಡಿ ಬಿಡೋಣ್ವಾ ಎಂದು ಲಾರಿಯವರು ಕೇಳಿದರು. ಅಣ್ಣ ಬಾಯಿ ತೆರೆದ, "ಇಷ್ಟ್ ದೂರ" ಎಂಬಷ್ಟು ಮಾತು ಹೊರಗೆ ಬಂತು. ಅತ್ತಿಗೆ ಏನೂ ಹೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ಲಾರಿಯ ದೀಪದ ಬೆಳಕಿಗೆ ಹಿಡಿದರು. ಅಣ್ಣ ಅದನ್ನು ನೋಡಿದ, ಆಮೇಲೆ ಗುಂಡಿಯನ್ನು ನೋಡಿದ. "ರಾಡ್ ಎತ್ತಿ" ಎಂದ.

ಬೆಳಗ್ಗೆ ಗುಂಡಿಯ ಬಾಯಿಗೆ ಭದ್ರವಾಗಿ ಮುಚ್ಚಳ ಹಾಕಿಸಿ, ಧೂಳು ಮೆತ್ತಿದ ತಲೆಯಲ್ಲೇ ಒಳಗೆ ಬಂದು, ಅಣ್ಣ ಅಪ್ಪನ ಕೆಂಪು ಪುಸ್ತಕ ತೆಗೆದ. ಕೊನೆಯ ಬರಹದ ಕೆಳಗೆ ಒಂದು ಸಾಲು ಬಿಟ್ಟು ಬರೆದ: ನಾಲ್ಕನೇ ಬೋರು, 450 ಅಡಿ, ನೀರಿಲ್ಲ. ಪೆನ್ನು ಕೆಳಗಿಡಲಿಲ್ಲ. ಹಾಳೆಗಳನ್ನು ಹಿಂದಕ್ಕೆ ತಿರುವುತ್ತಾ 1996ಕ್ಕೆ ಬಂದು, "ಮೊದಲನೇದು ಎಷ್ಟಡಿ ಹೋಗಿತ್ತೋ?" ಎಂದು ನನ್ನನ್ನು ಕೇಳಿದ.